ಅಳತೆಗೆ ಇಟ್ಟ ಉಸಿರು

ನನ್ನ ಭಾವನನ್ನು, ಅಂದರೆ ನಮ್ಮಕ್ಕನ ಗಂಡನನ್ನು, ಸಂಸ್ಥೆಯಲ್ಲಿ ಎಲ್ಲರೂ ಬಟ್ಟು ಎಂದೇ ಕರೆಯುತ್ತಿದ್ದರು. ಅಂಗಡಿಯವನು ತಕ್ಕಡಿಯ ಒಂದು ತಟ್ಟೆಗೆ ಹಾಕುತ್ತಾನಲ್ಲ, ಆ ತೂಕದ ಬಟ್ಟು. ಹೆಸರಿಟ್ಟವನು ನಾನೇ. ಸಿಟ್ಟಿನಲ್ಲಿ ಬೈಯಲೆಂದು ಇಟ್ಟದ್ದು, ಹೊಗಳಿಕೆಯಾಗಿ ಅಂಟಿಕೊಂಡಿತು. ಅಂಗಡಿಯಲ್ಲಿ ಎಲ್ಲವನ್ನೂ ಬಟ್ಟಿನಿಂದ ತೂಗುತ್ತಾರೆ, ಬಟ್ಟನ್ನು ಮಾತ್ರ ಯಾರೂ ತೂಗುವುದಿಲ್ಲ. ಅದರಿಂದ ಏನಾಯಿತು ಅನ್ನುವುದೇ ನಮ್ಮ ಭಾವನ ಕಥೆ.

ನಮ್ಮದು ಉಸಿರು ಅಳೆಯುವ ಸಂಸ್ಥೆ. ಊರಿನ ಕೊನೆಯಲ್ಲಿ ಹಳೇ ಕಟ್ಟಡ. ನೆಲಮಾಳಿಗೆಯಲ್ಲಿ ಪಂಪುಗಳು, ಅದರ ಮೇಲೆ ಪರೀಕ್ಷೆಯ ಕೋಣೆ, ಅದರ ಮೇಲೆ ದೊಡ್ಡ ಡಾಕ್ಟರ ಆಫೀಸು. ಊರಿನಿಂದ ಒಂದು ದಿನದ ದಾರಿಯಲ್ಲಿ, ಮರಗಿಡ ಮುಗಿದು ಬರೀ ಕಲ್ಲು ಉಳಿಯುವ ಎತ್ತರದಲ್ಲಿ, ಬೆಟ್ಟಕ್ಕೆ ಸುರಂಗ ಕೊರೆಯುವ ಕೆಲಸ ವರ್ಷಗಟ್ಟಲೆಯಿಂದ ನಡೆದಿತ್ತು. ಅಲ್ಲಿ ಗಾಳಿ ತೆಳು. ಇಲ್ಲಿ ಒಂದು ಉಸಿರಿಗೆ ಸಿಗುವುದರಲ್ಲಿ ಅರ್ಧಕ್ಕಿಂತ ಚೂರು ಹೆಚ್ಚು ಸಿಕ್ಕರೆ ಅಲ್ಲಿ ಪುಣ್ಯ. ಅಲ್ಲಿಗೆ ಕೆಲಸಕ್ಕೆ ಹೋಗುವವನು ಮೊದಲು ನಮ್ಮಲ್ಲಿ ಬಂದು ಊದಬೇಕು. ನಾಲ್ಕು ಲೀಟರು ಊದಿದವನಿಗೆ ಚೀಟಿ. ಊದದವನು ಬಂದ ದಾರಿಯಲ್ಲೇ ಮನೆಗೆ.

ಊದುವ ಯಂತ್ರ ಬಹಳ ಸಾದಾ. ನೀರು ತುಂಬಿದ ತೊಟ್ಟಿಯಲ್ಲಿ ಬೋರಲು ಹಾಕಿದ ಒಂದು ತಗಡಿನ ಗಂಟೆ. ನಳಿಗೆಯಲ್ಲಿ ಊದಿದರೆ ಗಾಳಿ ಗಂಟೆಯೊಳಗೆ ತುಂಬಿ ಅದು ಮೇಲೇಳುತ್ತದೆ. ಗಂಟೆಯ ಸರಪಳಿ ರಾಟೆಯ ಮೇಲಿಂದ ಹಾದು ಒಂದು ಪೆನ್ನನ್ನು ಎಳೆಯುತ್ತದೆ. ಪೆನ್ನು ತಿರುಗುವ ಡ್ರಮ್ಮಿನ ಕಾಗದದ ಮೇಲೆ ಗೆರೆ ಎಳೆಯುತ್ತದೆ. ನೂರು ವರ್ಷಕ್ಕೂ ಹಿಂದೆ ಯಾವುದೋ ದೇಶದ ವೈದ್ಯನೊಬ್ಬ ಇದನ್ನು ಮಾಡಿ, ಹಡಗಿನವರು, ಪೊಲೀಸರು, ಮುಷ್ಟಿಯುದ್ಧದವರು, ಭಿಕ್ಷುಕರು ಅಂತ ಸಾವಿರಾರು ಜನರ ಬಾಯಿಗೆ ನಳಿಗೆ ಇಟ್ಟು ಊದಿಸಿದನಂತೆ. ಬಂದ ಅಂಕಿಗೆ ಜೀವದ ಅಳತೆ ಅನ್ನುವ ಅರ್ಥದ ಹೆಸರಿಟ್ಟನಂತೆ. ಇದನ್ನೆಲ್ಲ ದೊಡ್ಡ ಡಾಕ್ಟರು ಖುಷಿಯಲ್ಲಿದ್ದಾಗ ಹೇಳುತ್ತಿದ್ದರು. ಖುಷಿಯಲ್ಲಿರುತ್ತಿದ್ದುದು ಕಡಿಮೆ. ನಾನು ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದವನು. ನನಗೆ ತಿಳಿಯುತ್ತಿದ್ದುದು ರಾಟೆ, ಸರಪಳಿ, ತಗಡು. ಆ ಯಂತ್ರ ನನ್ನ ಕೈಕೆಳಗಿತ್ತು.

ಭಾವ ಸಂಸ್ಥೆಗೆ ಬಂದದ್ದು ಸಿಲಿಂಡರು ಹೊರುವ ಕೆಲಸಕ್ಕೆ. ಗಿಡ್ಡ ಆಳು, ಎದೆ ಮಾತ್ರ ಪೀಪಾಯಿ. ಮೊದಲ ವಾರ ಯಾರೋ ತಮಾಷೆಗೆ ಊದಿಸಿದರು. ಐದು ಲೀಟರು ಇನ್ನೂರು ಮಿಲಿ. ಮಾರನೇ ದಿನವೂ ಐದು ಇನ್ನೂರು. ತಿಂಗಳು ಬಿಟ್ಟು ಊದಿಸಿದರೂ ಐದು ಇನ್ನೂರು. ಆಗ ಸಂಸ್ಥೆಯಲ್ಲಿ ಯಂತ್ರ ಪರೀಕ್ಷಿಸಲು ಒಂದು ಹಿತ್ತಾಳೆಯ ಅಳತೆಯ ಪಂಪಿತ್ತು. ಒಮ್ಮೆ ಪಂಪು ಒಂದು ಹೇಳಿತು, ಭಾವನ ಉಸಿರು ಒಂದು ಹೇಳಿತು. ಬಿಚ್ಚಿ ನೋಡಿದರೆ ಪಂಪಿನ ಒಳಗೆ ಚರ್ಮದ ವಾಷರು ಹರಿದಿತ್ತು. ಭಾವ ಸರಿ, ಹಿತ್ತಾಳೆ ತಪ್ಪು!

ಅವತ್ತು ದೊಡ್ಡ ಡಾಕ್ಟರು ಭಾವನ ಬೆನ್ನು ತಟ್ಟಿ, "ಲೋಹ ಸೋರುತ್ತೆ, ಮನುಷ್ಯ ಸೋರಲ್ಲ" ಅಂದರು. ಹಿತ್ತಾಳೆ ಪಂಪು ಕಪಾಟು ಸೇರಿತು. ಅಲ್ಲಿಂದ ಹದಿನೆಂಟು ವರ್ಷ, ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಭಾವ ಊದುವುದು, ಪೆನ್ನು ಐದು ಇನ್ನೂರರ ಕೆಂಪು ಗೆರೆ ಮುಟ್ಟಿತೇ ನೋಡುವುದು. ಮುಟ್ಟಿದರೆ ಯಂತ್ರ ಸರಿ. ಮುಟ್ಟದಿದ್ದರೆ ಯಂತ್ರ ಎಲ್ಲೋ ಸೋರುತ್ತಿದೆ. ಎಷ್ಟು ಕಡಿಮೆಯೋ ಅಷ್ಟನ್ನು ಆ ವಾರ ಊದುವ ಎಲ್ಲರ ಅಂಕಿಗೂ ಸೇರಿಸುವುದು. ಸೋರಿಕೆ ಹುಡುಕಿ ಮುಚ್ಚುವುದು ನನ್ನ ಕೆಲಸ.

ಭಾವನಿಗೆ ಇನ್ನೊಂದು ಕೆಲಸವೂ ಇತ್ತು. ನೆಲಮಾಳಿಗೆಯಲ್ಲಿ ಒಂದು ಉಕ್ಕಿನ ಕೋಣೆ. ಬಾಗಿಲು ಬಿಗಿದು ನಾನು ಪಂಪಿನಿಂದ ಗಾಳಿ ಎಳೆಯುತ್ತಿದ್ದೆ, ಒಳಗೆ ಕೂತವರು ಕೂತಲ್ಲೇ ಬೆಟ್ಟ ಹತ್ತುತ್ತಿದ್ದರು. ಹೊಸಬರ ಜೊತೆ ಭಾವ ಮುಖಕ್ಕೆ ಆಮ್ಲಜನಕದ ನಳಿಗೆ ಕಟ್ಟಿಕೊಂಡು ಕೂರುತ್ತಿದ್ದ. ಸಣ್ಣ ಗಾಜಿನ ಕಿಟಕಿಯಿಂದ ನಾನು ನೋಡುತ್ತಿದ್ದೆ. ಎತ್ತರ ಏರಿದಂತೆ ಹೊಸಬ ನಗಲು ಶುರು ಮಾಡುತ್ತಿದ್ದ, ಎರಡು ಅಂಕಿ ಕೂಡಿಸಲಾರದೆ ಅದಕ್ಕೂ ನಗುತ್ತಿದ್ದ. ಹೊರಗೆ ಬಂದ ಮೇಲೆ ಕೇಳಿದರೆ "ಬಹಳ ಚೆನ್ನಾಗಿತ್ತು, ನನಗೇನೂ ಆಗಲಿಲ್ಲ" ಅನ್ನುತ್ತಿದ್ದ.

"ನರಳೋನಿಗೆ ನಾನು ಹೆದರಲ್ಲ ಕಣಯ್ಯಾ," ಎಂದು ಭಾವ ಒಮ್ಮೆ ಹೇಳಿದ್ದ. "ಹಾಯಾಗಿದೆ ಅಂತಾನಲ್ಲ, ಅವನನ್ನ ನೋಡಿದರೆ ನನಗೆ ಬೆವರು ಕಿತ್ಕೊಳ್ಳುತ್ತೆ."

ಹಿಂದೆ ಮೂವರು ಬಲೂನಿನಲ್ಲಿ ಆಕಾಶಕ್ಕೆ ಏರಿ ಇಬ್ಬರು ಹೆಣವಾಗಿ ಇಳಿದ ಕಥೆಯನ್ನು ದೊಡ್ಡ ಡಾಕ್ಟರು ಹೊಸಬರಿಗೆ ಹೇಳುತ್ತಿದ್ದರು. ಆಮ್ಲಜನಕದ ನಳಿಗೆ ಕೈಗೆಟುಕುವಷ್ಟು ಹತ್ತಿರವಿತ್ತಂತೆ, ಕೈ ಏಳಲಿಲ್ಲವಂತೆ. ಬದುಕುಳಿದವನು ಆ ಹೊತ್ತಿನಲ್ಲಿ ತನಗೆ ಹೆದರಿಕೆಯಾಗಲಿಲ್ಲ, ಸಂತೋಷವಾಗಿತ್ತು ಎಂದು ಬರೆದಿಟ್ಟನಂತೆ.

ಹದಿನೇಳನೇ ವರ್ಷದ ಚಳಿಗಾಲದಲ್ಲಿ ಒಂದು ಸೋಮವಾರ ಭಾವ ಊದಿದ, ಪೆನ್ನು ಗೆರೆಗಿಂತ ಐವತ್ತು ಕೆಳಗೆ ನಿಂತಿತು. ನಾನು ನಳಿಗೆ ಬದಲಾಯಿಸಿದೆ. ಮುಂದಿನ ತಿಂಗಳು ನೂರು ಕೆಳಗೆ. ರಾಟೆಗೆ ಎಣ್ಣೆ ಬಿಟ್ಟೆ, ಸರಪಳಿ ಹೊಸದು ಹಾಕಿದೆ. ಇನ್ನೂರು. ಗಂಟೆಯನ್ನೇ ಬಿಚ್ಚಿ ಅಂಚಿನ ಸುತ್ತ ಬೆಸುಗೆ ಹಾಕಿದೆ. ಮುನ್ನೂರೈವತ್ತು. ಮುಂದಿನ ಚಳಿಗಾಲಕ್ಕೆ ಐನೂರು ಕೆಳಗೆ ಬಂದಿತ್ತು, ವಾರವಾರವೂ ನಾನು ಎಲ್ಲರ ಅಂಕಿಗೆ ಐನೂರು ಸೇರಿಸುತ್ತಿದ್ದೆ.

ದೊಡ್ಡ ಡಾಕ್ಟರು ನನ್ನನ್ನು ನಿಲ್ಲಿಸಿಕೊಂಡು ಝಾಡಿಸಿದರು. "ಅರ್ಧ ಲೀಟರು ಸೋರ್ತಿದೆ, ನಿನಗೆ ತೂತು ಕಾಣಲ್ವಾ? ಕಣ್ಣು ಎಲ್ಲಿಟ್ಟಿದೀಯಾ?"

"ತೂತಿದ್ದರೆ ತಾನೇ ಸಾರ್ ಕಾಣೋದು!"

"ಹಾಗಾದರೆ ಗಾಳಿ ಎಲ್ಲಿ ಹೋಗ್ತಿದೆ? ನಿನ್ನ ತಲೆಯೊಳಗಾ? ಅಲ್ಲಿ ಜಾಗ ಇದೆ ಬಿಡು."

ಸುತ್ತ ನಿಂತವರು ನಕ್ಕರು. ಭಾವನೂ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು, ಅದು ಎಲ್ಲರಿಗೂ ಗೊತ್ತು. ಆದರೆ ಅವತ್ತು ಕೂಗಾಡಲಿಲ್ಲ. ಯಂತ್ರ ಸರಿಯಿದೆ ಎಂದು ಇವರ ಮುಖದ ಮೇಲೆ ಎಸೆಯುತ್ತೇನೆ ಎಂದುಕೊಂಡೆ.

ಆ ಭಾನುವಾರ ಮಧ್ಯಾಹ್ನ, ಕಟ್ಟಡದಲ್ಲಿ ಕಾವಲಿನವನ ಹೊರತು ಯಾರೂ ಇಲ್ಲದಾಗ, ಒಬ್ಬನೇ ಹೋದೆ. ಆಸಿಡ್ ತುಂಬಿ ಬರುತ್ತಿದ್ದ ದೊಡ್ಡ ಗಾಜಿನ ಜಾಡಿಯೊಂದನ್ನು ತೊಳೆದು ಒಣಗಿಸಿದೆ. ಬಿರಡೆಗೆ ಎರಡು ತೂತು ಕೊರೆದು ಒಂದರಲ್ಲಿ ಲಾಳಿಕೆ, ಇನ್ನೊಂದರಲ್ಲಿ ಗಂಟೆಗೆ ಹೋಗುವ ನಳಿಗೆ ಸಿಕ್ಕಿಸಿದೆ. ಉಗ್ರಾಣದ ತಕ್ಕಡಿಯಲ್ಲಿ ಐದು ಕಿಲೋ ನೀರು ತೂಗಿಟ್ಟೆ. ಐದು ಕಿಲೋ ನೀರು ಐದು ಲೀಟರು. ಇದು ಏಳನೇ ಕ್ಲಾಸಿನವನಿಗೂ ಗೊತ್ತು. ಆ ನೀರನ್ನು ಜಾಡಿಗೆ ಸುರಿದರೆ ಅಷ್ಟೇ ಗಾಳಿ ಹೊರಗೆ ಬಿದ್ದು ಗಂಟೆಗೆ ಹೋಗಲೇಬೇಕು.

ಸುರಿದೆ. ಗಂಟೆ ಮೆಲ್ಲಗೆ ಎದ್ದಿತು. ಪೆನ್ನು ಐದು ಲೀಟರಿನ ಗೆರೆ ಮುಟ್ಟಿ, ಅದನ್ನೂ ದಾಟಿ ಚೂರು ಮೇಲೆ ನಿಂತಿತು. ಐದು ಸಲ ಮಾಡಿದೆ, ಐದು ಸಲವೂ ಅಷ್ಟೇ.

ಸೋರಿಕೆ ಇಲ್ಲ! ಒಂದು ಹನಿ ಗಾಳಿಯೂ ಸೋರುತ್ತಿಲ್ಲ! ಖಾಲಿ ಕೋಣೆಯಲ್ಲಿ ಕುಣಿದುಬಿಟ್ಟೆ. "ಬನ್ರೀ ಈಗ, ಬನ್ನಿ, ಎಲ್ಲಿದೆ ತೋರಿಸಿ ತೂತು!" ಎಂದು ಗೋಡೆಗೆ ಕೂಗಿದೆ. ಕಾವಲಿನವನು ಓಡಿಬಂದು ಬಾಗಿಲಲ್ಲಿ ನಿಂತು, "ಯಾರ ಹತ್ತಿರ ಜಗಳ ಅಣ್ಣಾ?" ಎಂದ. "ಯಾರ ಹತ್ತಿರವೂ ಇಲ್ಲ, ಗೆದ್ದೆ" ಎಂದೆ. ಅವನು ತಲೆ ಕೆರೆದುಕೊಂಡು ಹೋದ.

ನೆಲ ಒರೆಸುತ್ತಿದ್ದೆ. ಅರ್ಧ ಒರೆಸಿದ್ದೇನೋ ಏನೋ, ಕೈ ನಿಂತುಹೋಯಿತು.

ಯಂತ್ರ ಸರಿಯಿದ್ದರೆ ಭಾವ ಊದಿದ ನಾಲ್ಕು ಏಳುನೂರೂ ಸರಿ. ಕಡಿಮೆಯಾದದ್ದು ಭಾವನೇ.

ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಹಾಗಾದರೆ ವರ್ಷವೆಲ್ಲ ನಾನು ಜನರ ಅಂಕಿಗೆ ಸೇರಿಸಿದ್ದು ಏನು? ರಿಜಿಸ್ಟರು ತೆಗೆದೆ. ಆ ವರ್ಷ ಮೇಲೆ ಹೋಗಿ ಈಗಲೂ ಸುರಂಗದಲ್ಲಿ ಇದ್ದವರು ನಲವತ್ತೊಂದು ಜನ. ಸೇರಿಸಿದ್ದನ್ನು ಒಬ್ಬೊಬ್ಬರಿಂದ ಕಳೆಯುತ್ತಾ ಹೋದೆ. ಒಂಬತ್ತು ಜನ ನಾಲ್ಕು ಲೀಟರಿಗಿಂತ ಕೆಳಗೆ ಬಂದರು. ಒಬ್ಬ ಮೂರು ಆರುನೂರಕ್ಕೆ ಬಂದ. ಮನೆಗೆ ಕಳಿಸಬೇಕಾಗಿದ್ದ ಒಂಬತ್ತು ಜನರಿಗೆ ಸೀಲು ಹೊಡೆದ ಚೀಟಿ ಕೊಟ್ಟು ತೆಳು ಗಾಳಿಗೆ ಹತ್ತಿಸಿದ್ದೆವು.

ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ಅಕ್ಕನ ಮನೆಗೆ ಹೋದೆ. ಅವರದು ಎರಡನೇ ಮಹಡಿ. ಅಕ್ಕ ಬಾಗಿಲು ತೆಗೆದವಳೇ, "ಏನೋ, ಮುಖ ಯಾಕೆ ಹಾಗೆ ಇಟ್ಕೊಂಡಿದೀಯ? ಇವತ್ತು ಯಾರ ಮೇಲೆ ಹಾರಾಡಿ ಬಂದೆ?" ಎಂದಳು.

"ಭಾವ ಎಲ್ಲಿ?"

"ನಿನ್ನ ಹಿಂದೆಯೇ ಬಂದ್ರು, ಕಿಟಕೀಲಿ ನೋಡಿದೆ. ಕೆಳಗೆ ಬೂಟಿನ ದಾರ ಕಟ್ಕೋತಿದಾರೆ. ಈಚೆಗೆ ಅವರ ಬೂಟಿನ ದಾರ ಮೆಟ್ಟಿಲ ಹತ್ತಿರವೇ ಬಿಚ್ಚೋದು. ಮೊದಲನೇ ಮಹಡಿಗೆ ಒಂದು ಸಲ, ಎರಡನೇ ಮಹಡಿಗೆ ಒಂದು ಸಲ." ನಗುತ್ತಾ ಹೇಳಿದವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಭಾವ ಬಂದ. ತುಟಿಯ ಸುತ್ತ ಬಣ್ಣ ಸರಿಯಿರಲಿಲ್ಲ. ವಾರಕ್ಕೆ ಆರು ದಿನ ನೋಡುವ ಮುಖ, ನಾನು ನೋಡಿಯೇ ಇರಲಿಲ್ಲ. ಅವನು ಕುರ್ಚಿಯಲ್ಲಿ ಕೂತು, ಉಸಿರು ಹದಕ್ಕೆ ಬರುವವರೆಗೆ ಕನ್ನಡಕ ಒರೆಸಿದ. ನಾನು ಜಾಡಿಯ ವಿಷಯ ಹೇಳಿದೆ.

"ಹಾಗಾದರೆ ಗೆದ್ದೆ ಅನ್ನು," ಎಂದ.

"ಭಾವ, ನಿಮಗೆ ಗೊತ್ತಿತ್ತಾ?"

ಅವನು ಅಕ್ಕನ ಕಡೆ ನೋಡಿದ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೌಟು.

"ಮೆಟ್ಟಿಲು ಹತ್ತುವಾಗ ಗೊತ್ತಾಗ್ತಿತ್ತು," ಎಂದ. "ಸೋಮವಾರ ಬಂದರೆ ನೀವೆಲ್ಲ ಯಂತ್ರ ಸೋರ್ತಿದೆ, ಯಂತ್ರ ಸೋರ್ತಿದೆ ಅಂತಿದ್ರಿ. ಕೇಳೋಕೆ ಹಿತವಾಗಿತ್ತು ಕಣಯ್ಯಾ. ಯಂತ್ರ ಕೆಟ್ಟಿದೆ ಅಂದ ಮೇಲೆ ನಾನು ಸರಿಯಿದೀನಿ ಅಂತ ತಾನೇ ಅರ್ಥ? ಹದಿನೆಂಟು ವರ್ಷ ಯಾವತ್ತು ನಾನು ತಪ್ಪಾಗಿದ್ದೆ ಹೇಳು."

ನನಗೆ ತಡೆಯಲಾಗಲಿಲ್ಲ. ಮೇಜಿಗೆ ಕೈ ಕುಟ್ಟಿದೆ. "ಹಿತವಾಗಿತ್ತಾ? ನನ್ನನ್ನ ಎಲ್ಲರ ಎದುರು ಬೈಸಿದ್ದು ಹಿತವಾಗಿತ್ತಾ? ಅದು ಹಾಳಾಗಲಿ, ಮೇಲೆ ಒಂಬತ್ತು ಜನ ಇದಾರೆ ಭಾವ! ನಮ್ಮ ಚೀಟಿ ನಂಬ್ಕೊಂಡು ಹೋದವರು!"

"ಮೆಲ್ಲಗೆ ಮಾತಾಡೋ," ಎಂದಳು ಅಕ್ಕ.

ಭಾವ ರಿಜಿಸ್ಟರು ತೆಗೆದುಕೊಂಡ. ಒಂಬತ್ತು ಸಾಲುಗಳ ಮೇಲೆ ಬೆರಳಾಡಿಸಿದ. "ಇವನು ನೆನಪಿದಾನೆ. ಡ್ರಿಲ್ಲು ಹಿಡಿಯೋ ಕೆಲಸಕ್ಕೆ ಹೋದವನು, ಉದ್ದನೆಯ ಆಳು. ಊದುವಾಗ ನನ್ನ ಹೆಗಲು ಹಿಡ್ಕೊಂಡಿದ್ದ," ಎಂದ. ಅದು ಮೂರು ಆರುನೂರರ ಸಾಲು.

ಸೋಮವಾರ ಎಂಟಕ್ಕೆ ದೊಡ್ಡ ಡಾಕ್ಟರ ಎದುರು ಜಾಡಿ ಇಟ್ಟು, ನೀರು ತೂಗಿ ಸುರಿದು ತೋರಿಸಿದೆ. ಅವರು ಒಪ್ಪಲಿಲ್ಲ. ನೀರು ತಣ್ಣಗಿದೆ ಎಂದರು, ಬಿರಡೆ ಸಡಿಲ ಎಂದರು, ಆಸಿಡ್ ಜಾಡಿಯಿಂದ ವಿಜ್ಞಾನ ಮಾಡುತ್ತಾರೇನೋ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಮುಂದೆ ಬಂದ.

"ಸಾರ್, ನನಗೆ ಒಂದು ಮಹಡಿ ಹತ್ತೋಕೆ ಆಗ್ತಿಲ್ಲ."

"ವಯಸ್ಸಾಯ್ತಲ್ಲಪ್ಪ."

"ನನ್ನ ಬೆನ್ನಿಗೆ ಕಿವಿಗೊಟ್ಟು ಕೇಳಿ ಸಾರ್. ಹದಿನೆಂಟು ವರ್ಷದಲ್ಲಿ ನೀವು ಎಲ್ಲರ ಬೆನ್ನೂ ಕೇಳಿದೀರಿ, ನನ್ನದು ಕೇಳಿಲ್ಲ."

ಡಾಕ್ಟರು ಕೊಳವೆ ಇಟ್ಟು ಕೇಳಿದರು. ಅಲ್ಲಿ ಇಟ್ಟರು, ಇಲ್ಲಿ ಇಟ್ಟರು, ಮತ್ತೆ ಮೊದಲಿನ ಜಾಗದಲ್ಲೇ ಇಟ್ಟರು. ಆಮೇಲೆ ನನಗೆ ಹೇಳಿದ್ದು, ಒಣಗಿದ ತೊಗಲು ಮಡಚಿ ಬಿಚ್ಚಿದ ಹಾಗೆ ಚರಪರ ಸದ್ದಿತ್ತಂತೆ. ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತಾ ಬಂದಿತ್ತು. ಆ ಹೊತ್ತಿನಲ್ಲಿ ಅವರು ಅಂಗಿ ಹಾಕಿಕೋ ಎಂದು ಸನ್ನೆ ಮಾಡಿ, ಸುರಂಗದ ಕ್ಯಾಂಪಿಗೆ ಫೋನು ಹಚ್ಚಿಸಿದರು. ಒಂಬತ್ತು ಜನರನ್ನೂ ಇವತ್ತೇ ಇಳಿಸಿ ಎಂದರು.

ಒಂದು ಗಂಟೆಯಾದ ಮೇಲೆ ಅಲ್ಲಿಯ ಮೇಸ್ತ್ರಿ ವಾಪಸು ಫೋನು ಮಾಡಿದ. ಎಂಟು ಜನ ಲಾರಿ ಹತ್ತಿದ್ದಾರೆ, ಡ್ರಿಲ್ಲಿನವನು ಹತ್ತುತ್ತಿಲ್ಲ, ಚೀಟಿ ತೋರಿಸಿ ಜಗಳಕ್ಕೆ ನಿಂತಿದ್ದಾನೆ. ಭಾವ ರಿಸೀವರಿಗೆ ಕೈಚಾಚಿದ. "ಅವನಿಗೆ ಕೊಡಿ." ಮೇಲಿನವರು ಫೋನಿನಲ್ಲಿ ಎಷ್ಟು ಜೋರಾಗಿ ಕಿರುಚುತ್ತಾರೆಂದರೆ, ಪಕ್ಕದಲ್ಲಿ ನಿಂತ ನಮಗೆಲ್ಲ ಕೇಳುತ್ತಿತ್ತು.

"ಯಾರ್ರೀ ಅದು?"

"ನೀನು ಊದುವಾಗ ಪಕ್ಕ ನಿಂತಿದ್ದೆನಲ್ಲ, ಗಿಡ್ಡ."

"ಓಹೋ, ಬಟ್ಟು ಮಾಮಾ! ಏನ್ ಸಮಾಚಾರ? ನನ್ನ ಮೇಲೆ ಅಷ್ಟು ಪ್ರೀತಿನಾ?" ನಗು.

"ಕೆಳಗೆ ಬಾಪ್ಪ."

"ಯಾಕೆ ಬರಬೇಕು? ನಾಲ್ಕು ಲೀಟರು ನೂರು ಊದಿದೀನಿ. ಚೀಟಿ ಜೇಬಲ್ಲಿದೆ, ಸೀಲು ನಿಮ್ಮದೇ."

"ಆ ಅಂಕಿ ನಿನ್ನದಲ್ಲ. ಅದರಲ್ಲಿ ಐನೂರು ನಾವು ಸೇರಿಸಿದ್ದು. ನನ್ನ ಎದೆ ಕೆಟ್ಟಿತ್ತು, ಯಂತ್ರ ಕೆಟ್ಟಿದೆ ಅಂದ್ಕೊಂಡ್ವಿ."

"ತಮಾಷೆ ಬೇಡ ಮಾಮಾ. ಎರಡು ದಿನದಿಂದ ಚೂರು ನೆಗಡಿ ಇತ್ತು. ಇವತ್ತು ನೋಡಿ, ಇಷ್ಟು ಹಾಯಾಗಿ ನಾನು ಯಾವತ್ತೂ ಇರಲಿಲ್ಲ."

ಭಾವನಿಗೆ ಬೆವರು ಕಿತ್ತುಕೊಂಡಿತು. ದನಿ ಮಾತ್ರ ಏರಲಿಲ್ಲ. "ಸರಿ, ಬರಬೇಡ ಹಾಗಾದರೆ. ಒಂದು ಲೆಕ್ಕ ಹೇಳಿಬಿಡು, ಸಾಕು. ನೂರರಿಂದ ಏಳೇಳು ಕಳೀತಾ ಬಾ."

"ಅದೇನ್ ಮಹಾ! ತೊಂಬತ್ತಮೂರು. ಎಂಬತ್ತಾರು. ಎಂಬತ್ತಾರು... ಎಂಬತ್ತಾರು..." ಮತ್ತೆ ನಗು. ನಗು ಕೆಮ್ಮಾಯಿತು. ಆ ಕೆಮ್ಮು ಒಣದಲ್ಲ. ತೊಟ್ಟಿಯ ಅಡಿಯಿಂದ ಗುಳ್ಳೆ ಎದ್ದ ಸದ್ದು.

"ಮೇಸ್ತ್ರಿಗೆ ಕೊಡು."

ಮೇಸ್ತ್ರಿ ಬಂದ. "ಅವನ ಉಗುರಿನ ಬಣ್ಣ ನೋಡಿ ಹೇಳಿ," ಎಂದ ಭಾವ.

"ನೀಲಿ ಕಾಣುತ್ತೆ. ಇಲ್ಲಿ ಎಲ್ಲರದೂ ಸ್ವಲ್ಪ ಹಾಗೇ ಇರುತ್ತೆ."

"ನಿಮ್ಮ ಉಗುರಿನ ಪಕ್ಕ ಇಟ್ಟು ನೋಡಿ."

ನೋಡಿ ಬಂದಾಗ ಮೇಸ್ತ್ರಿಯ ದನಿ ಬೇರೆಯಾಗಿತ್ತು. "ಎದೆ ಗೊರಗೊರ ಅಂತಿದೆ. ನೆಗಡಿ ಕಟ್ಟಿದೆ ಅಂತ ಬೆಚ್ಚಗೆ ಮಲಗಿಸಿದ್ವಿ."

"ನೆಗಡಿ ಅಲ್ಲ, ಎದೆಗೆ ನೀರು ಇಳಿದಿದೆ. ಬೆಚ್ಚಗೆ ಮಲಗಿಸಿದರೆ ಬೆಳಿಗ್ಗೆ ಏಳಲ್ಲ. ಕೆಳಗೆ ಬರೋದೊಂದೇ ಔಷಧಿ. ಅವನು ನಗಲಿ, ಬೈಯಲಿ, ಕಾಲು ಹಿಡೀಲಿ, ಒಂದು ಮಾತೂ ಕೇಳಬೇಡಿ. ಹಗ್ಗದಲ್ಲಿ ಕಟ್ಟಿ ಕೂರಿಸ್ಕೊಂಡು ಬನ್ನಿ."

ಮೇಲಿನ ಗಾಳಿಯಲ್ಲಿ ಎದೆಗೆ ನೀರಿಳಿಯುವ ಈ ಕಾಯಿಲೆಯನ್ನು ವೈದ್ಯರೂ ಬಹಳ ಕಾಲ ಎದೆನೆಗಡಿ, ನ್ಯುಮೋನಿಯ ಎಂದೇ ಬರೆದುಕೊಂಡು ಬಂದಿದ್ದರಂತೆ. ಬೆಟ್ಟದ ಮೇಲೆ ಆರೋಗ್ಯವಂತರೇ ಹೀಗೆ ಸಾಯುತ್ತಾರೆ, ಇಳಿಸಿದರೆ ಬದುಕುತ್ತಾರೆ ಎಂದು ಬೇರೆ ದೇಶದ ಡಾಕ್ಟರುಗಳು ಬರೆದದ್ದು ಆಗಿನ್ನೂ ಹೊಸತು. ದೊಡ್ಡ ಡಾಕ್ಟರು ಅದನ್ನು ಓದಿ ನಮಗೆ ಹೇಳಿದ್ದರು. ಅವರ ಓದಿಗೆ ಆ ಒಂದು ಜೀವ ಋಣಿ ಎನ್ನಲೇಬೇಕು.

ಲಾರಿ ಮಾರನೇ ದಿನ ಮಧ್ಯಾಹ್ನ ಗೇಟಿಗೆ ಬಂತು. ಎಂಟು ಜನ ತಾವೇ ಇಳಿದರು. ಡ್ರಿಲ್ಲಿನವನನ್ನು ಸ್ಟ್ರೆಚರಿನಲ್ಲಿ ಇಳಿಸಿದರು. ಕೈ ಕಟ್ಟಿದ ಗುರುತು ಕೆಂಪಗಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಬುದ್ಧಿ ಸರಿಯಾಗಿ, ನನ್ನನ್ನು ಯಾಕೆ ಕಟ್ಟಿದ್ದೀರಿ ಎಂದು ಅತ್ತನಂತೆ. ಆರು ದಿನ ಊರಿನ ಆಸ್ಪತ್ರೆಯಲ್ಲಿದ್ದು ನಡೆದುಕೊಂಡು ಮನೆಗೆ ಹೋದ. ಅವತ್ತು ನಾನು ಎಲ್ಲ ಮುಗಿಯಿತು ಎಂದುಕೊಂಡೆ, ಸಿಹಿ ತಂದು ಹಂಚಿದೆ.

ಭಾವ ಸಿಹಿ ಮುಟ್ಟಲಿಲ್ಲ. "ನೀನು ನೀರು ಸುರಿದಾಗ ಪೆನ್ನು ಐದು ದಾಟಿ ಚೂರು ಮೇಲೆ ನಿಂತಿತು ಅಂದೆಯಲ್ಲ. ಚೂರು ಅಂದ್ರೆ ಎಷ್ಟು?"

"ನೂರೈವತ್ತು."

"ಯಾಕೆ ಮೇಲೆ?"

ಆಗ ನೆನಪಾಯಿತು. ಮೂರು ವರ್ಷದ ಹಿಂದೆ ಹೊಸ ಡ್ರಮ್ಮು ಕೂರಿಸಿದ್ದೆ. ಅವತ್ತು ಭಾವ ಊದಿದ್ದು ನೂರೈವತ್ತು ಕಡಿಮೆ ಬಂತು. ಹೊಸ ಡ್ರಮ್ಮು ಕಡಿಮೆ ಬರೆಯುತ್ತಿದೆ ಎಂದುಕೊಂಡು, ಗೆರೆಗಳ ಪಟ್ಟಿಯನ್ನೇ ಅಷ್ಟು ಸರಿಸಿ ಅಂಟಿಸಿದೆ. ಸೇರಿಸುವ ಲೆಕ್ಕಕ್ಕೂ ಅದು ಬರಲಿಲ್ಲ, ಎಲ್ಲೂ ಬರೆದಿಡಲಿಲ್ಲ. ಡ್ರಮ್ಮು ಸರಿಯಾಗಿಯೇ ಇತ್ತು. ಭಾವನ ಎದೆ ಅವತ್ತೇ ಕೆಡಲು ಶುರುವಾಗಿತ್ತು. ಮೂರು ವರ್ಷದಿಂದ ನಮ್ಮ ಬಾಗಿಲು ದಾಟಿದ ಪ್ರತಿಯೊಬ್ಬನೂ ಸುಳ್ಳು ಅಂಕಿ ಹೊತ್ತು ಬೆಟ್ಟ ಹತ್ತಿದ್ದ.

ರಿಜಿಸ್ಟರಿನಲ್ಲಿ ಮತ್ತೆ ಕಳೆದೆವು. ನಾಲ್ಕಕ್ಕಿಂತ ಕೆಳಗಿನವರು ನೂರ ಹದಿನೇಳು ಜನ ಸಿಕ್ಕರು. ಅವರಲ್ಲಿ ಹೆಚ್ಚಿನವರು ಕೆಲಸ ಮುಗಿಸಿ ಊರೂರಿಗೆ ಚದುರಿದ್ದರು, ಕೆಲವರು ಬೇರೆ ಬೆಟ್ಟದ ಕೆಲಸಕ್ಕೆ ಅದೇ ಚೀಟಿ ತೋರಿಸಿ ಹೋಗಿದ್ದರು. ದೊಡ್ಡ ಡಾಕ್ಟರು ಪಟ್ಟಿ ನೋಡಿ ಬಾಗಿಲು ಹಾಕಿಕೊಂಡರು. ಸಂಜೆ ನಮ್ಮಿಬ್ಬರನ್ನು ಕರೆದು, "ಮೇಲೆ ಇರೋರಿಗೆಲ್ಲ ಮತ್ತೆ ಪರೀಕ್ಷೆ ಮಾಡೋಣ. ಹಳಬರಿಗೆ ಬರೆಯೋದು ಬೇಡ. ಆಗಿದ್ದು ಆಗಿಹೋಯ್ತು. ಬರೆದರೆ ಸಂಸ್ಥೆಗೆ ಬೀಗ ಬೀಳುತ್ತೆ," ಎಂದರು.

ನಾನು ಅವರ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡಿದೆ. ಭಾವ ಕೂಗಾಡಲಿಲ್ಲ. ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಟ. ಮತ್ತೆ ಕೆಲಸಕ್ಕೆ ಬರಲಿಲ್ಲ.

ಆಮೇಲೆ ಅವನು ಬದುಕಿದ್ದು ಹನ್ನೊಂದು ತಿಂಗಳು. ಬೆಳಿಗ್ಗೆ ಕಿಟಕಿಯ ಪಕ್ಕ ಕೂತು ವಾರಕ್ಕೆ ಎರಡೋ ಮೂರೋ ಕಾಗದ ಬರೆಯುತ್ತಿದ್ದ. "ನಿಮ್ಮ ಚೀಟಿಯ ಅಂಕಿ ತಪ್ಪು, ನಿಮ್ಮ ನಿಜವಾದ ಅಳತೆ ಇಷ್ಟು, ದಯವಿಟ್ಟು ಎತ್ತರದ ಕೆಲಸಕ್ಕೆ ಹೋಗಬೇಡಿ, ತಪ್ಪು ನಮ್ಮದು." ಅಷ್ಟೇ. ಅಕ್ಕ ವಿಳಾಸ ಬರೆಯುತ್ತಿದ್ದಳು. "ಇಷ್ಟು ಕಾಗದ ನನಗೆ ಮದುವೆಗೆ ಮುಂಚೆ ಬರೆದಿದ್ದರೆ ಚೆನ್ನಾಗಿತ್ತು," ಎಂದು ಒಮ್ಮೆ ರೇಗಿಸಿದಳು. ಅವನು ನಗಲು ಹೋಗಿ ಕೆಮ್ಮಿನಲ್ಲಿ ಸಿಕ್ಕಿಬಿದ್ದ. ಆಮೇಲೆ ಅವಳು ತಮಾಷೆ ಮಾಡುವುದನ್ನು ಬಿಟ್ಟಳು. ನಗುವಷ್ಟು ಉಸಿರೂ ಆ ಮನೆಯಲ್ಲಿ ಉಳಿದಿರಲಿಲ್ಲ.

ಕೆಲವರಿಂದ ಉತ್ತರ ಬಂತು, ನಾನು ಗುಂಡುಕಲ್ಲಿನ ಹಾಗಿದ್ದೇನೆ, ನೀವು ಹೇಗಿದ್ದೀರಿ ಎಂದು. ಕೆಲವು ಕಾಗದಗಳು ವಿಳಾಸದಾರರಿಲ್ಲ ಎಂದು ತಿರುಗಿ ಬಂದವು. ತಿರುಗಿ ಬಂದವನ್ನು ಭಾವ ಬೇರೆ ಇಡುತ್ತಿದ್ದ. ಬರಬರುತ್ತಾ ಆ ಕಟ್ಟು ದಪ್ಪವಾಯಿತು. ಮನೆ ಬದಲಾಯಿಸಿರಬೇಕು ಎಂದು ನಾನು ಹೇಳುತ್ತಿದ್ದೆ. ಭಾವ ಹೂಂ ಎನ್ನುತ್ತಿದ್ದ. ಕೊನೆಯ ಎರಡು ತಿಂಗಳು ಮಲಗಲಾಗದೆ ಕೂತೇ ಇದ್ದ. ನೂರ ಮೂರನೆಯ ಕಾಗದದ ಮೇಲೆ ಪೆನ್ನು ಇಟ್ಟುಕೊಂಡು, ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಹೋಗಿಬಿಟ್ಟ. ಅದನ್ನು ಮುಗಿಸಿ, ಉಳಿದ ಹದಿನಾಲ್ಕನ್ನೂ ನಾನು ಬರೆದು ಹಾಕಿದೆ.

ಅವನು ಹೋಗಿ ಮೂರನೇ ವಾರ, ಕಾವಲಿನವನು ಬಂದು ಯಾರೋ ಹೆಂಗಸು ಬಟ್ಟು ಅವರನ್ನು ಕೇಳುತ್ತಿದ್ದಾರೆ ಎಂದ. ಪರೀಕ್ಷೆಯ ಕೋಣೆಯ ಹೊರಗಿನ ಬೆಂಚಿನಲ್ಲಿ ಮೂವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದಳು. ಒಂದು ಕೈಯಲ್ಲಿ ಭಾವ ಬರೆದ ಕಾಗದ, ಇನ್ನೊಂದರಲ್ಲಿ ನಮ್ಮ ಚೀಟಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೋಪಾನ ಮಾಡಿದ್ದ ಚೀಟಿ.

"ಈ ಕಾಗದ ಬರೆದವರು ಬೇಕಾಗಿತ್ತು."

"ಅವರು ತೀರಿಕೊಂಡರು. ನಮ್ಮ ಭಾವ."

ಅವಳು ತಲೆಯಾಡಿಸಿದಳು. "ನಮ್ಮನೆಯವರೂ ಹೋಗಿ ಎರಡು ವರ್ಷ ಆಯ್ತು. ಮೇಲೆ ಕೆಲಸದಲ್ಲಿದ್ದಾಗ. ಎದೆಯಲ್ಲಿ ನೆಗಡಿ ಕಟ್ಟಿತ್ತು ಅಂದ್ರು. ನಾನು ಅವರನ್ನೇ ಬೈತಿದ್ದೆ. ಚಳಿಗೆ ಸರಿಯಾಗಿ ಹೊದ್ದುಕೊಳ್ಳಲಿಲ್ಲ, ಹೇಳಿದ ಮಾತು ಕೇಳಲಿಲ್ಲ, ಅದಕ್ಕೇ ಹೀಗಾಯ್ತು ಅಂತ. ಎರಡು ವರ್ಷ ಸತ್ತವರನ್ನ ಬೈದೆ." ಚೀಟಿಯನ್ನು ನನ್ನ ಮುಂದೆ ಹಿಡಿದಳು. "ನಾಲ್ಕು ಐವತ್ತು ಅಂತಿದೆ. ಈ ಕಾಗದದಲ್ಲಿ ಮೂರು ಒಂಬೈನೂರು ಅಂತಿದೆ. ಯಾವುದು ನಿಜ?"

"ಕಾಗದದ್ದು."

"ಹಾಗಾದರೆ ಈ ನಾಲ್ಕು ಐವತ್ತು ಯಾರು ಬರೆದದ್ದು?"

ಮೇಲೆ ದೊಡ್ಡ ಡಾಕ್ಟರ ಆಫೀಸಿನ ಬಾಗಿಲು ತೆರೆದ ಸದ್ದಾಯಿತು. ಅವರು ಮೆಟ್ಟಿಲ ಕಟಕಟೆ ಹಿಡಿದು ಕೆಳಗೆ ನೋಡುತ್ತಿದ್ದರು. ನನ್ನ ಜೀವಮಾನದಲ್ಲಿ ನನಗೆ ಕೂಗಲು ಕಾರಣ ಸಿಗದೇ ಇದ್ದದ್ದಿಲ್ಲ. ಡ್ರಮ್ಮಿನ ಮೇಲೆ ಕೂಗಿದ್ದೇನೆ, ಡಾಕ್ಟರ ಮೇಲೆ, ಸಾಯುತ್ತಿದ್ದ ಭಾವನ ಮೇಲೂ. ಆ ಹೊತ್ತು ಕೂಗಲು ಯಾರೂ ಸಿಗಲಿಲ್ಲ. ಚೀಟಿ ತೆಗೆದುಕೊಂಡು ಬೆಳಕಿಗೆ ಹಿಡಿದೆ. ನಾಲ್ಕರ ಬಾಲ ಉದ್ದ, ಐದರ ಹೊಟ್ಟೆ ವಾರೆ. ಶಾಲೆಯಲ್ಲಿ ಮೇಷ್ಟ್ರು ಹೊಡೆದರೂ ತಿದ್ದಿಕೊಳ್ಳದ ಅಕ್ಷರ.

"ನಾನು," ಎಂದೆ.

ಅವಳು ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. "ಕೂತ್ಕೊಳ್ಳಿ. ಹೇಗಾಯ್ತು ಅಂತ ಮೊದಲಿಂದ ಹೇಳಿ."